ಬೆಣೆ ಕಚ್ಚಿದ ಮಧ್ಯಾಹ್ನ

ನವನಗರದ ಒಂದು ಖಾಸಗಿ ದವಾಖಾನೆಯ ಲಿಫ್ಟಿಗೆ ತಿಂಗಳ ತಪಾಸಣೆ ಮುಗಿದಿತ್ತು. ಬಾಗಿಲ ಮುಂದಿಟ್ಟಿದ್ದ ಎಚ್ಚರಿಕೆಯ ಹಲಗೆಯನ್ನು ತೆಗೆದು ಗೋಡೆಗೆ ಒರಗಿಸುತ್ತಿದ್ದೆ. ಅಷ್ಟರಲ್ಲಿ ತುರ್ತು ವಿಭಾಗದ ಕಡೆಯಿಂದ ಸ್ಟ್ರೆಚರಿನ ಗಾಲಿಗಳ ಸದ್ದು ಬಂತು. ಒಬ್ಬ ನೌಕರ ಅದನ್ನು ದೂಡುತ್ತಿದ್ದ. ರೋಗಿಯ ಬಾಯೊಳಗೆ ಇಳಿಸಿದ್ದ ನಳಿಕೆಗೆ ಒಂದು ರಬ್ಬರಿನ ಚೀಲ ಜೋಡಿಸಿದ್ದರು. ಪಕ್ಕದಲ್ಲಿ ಓಡುತ್ತಿದ್ದ ನರ್ಸ್ ಆ ಚೀಲವನ್ನು ಒತ್ತುತ್ತಿದ್ದಳು, ಬಿಡುತ್ತಿದ್ದಳು, ಮತ್ತೆ ಒತ್ತುತ್ತಿದ್ದಳು. ಹಿಂದೆ ಹೆಗಲ ಮೇಲೆ ಕಂಬಳಿ ಹೊತ್ತ ದಪ್ಪ ಮೈಕಟ್ಟಿನ ಒಬ್ಬ ಮನುಷ್ಯ ಬರುತ್ತಿದ್ದ.

“ಲಿಫ್ಟ್ ಚಾಲೂ ಆತೇನ್ರಿ ಯಕ್ಕಾ?” ನರ್ಸ್ ಕೈ ನಿಲ್ಲಿಸದೆ ಕೇಳಿದಳು.

“ಆಗೇತಿ, ಬರ್ರಿ.”

ನಾನೂ ಮೇಲೆ ಹೋಗಬೇಕಿತ್ತು. ಮಾಳಿಗೆಯ ಮೇಲಿನ ಯಂತ್ರದ ಕೋಣೆಯಲ್ಲಿ ನನ್ನ ಜೊತೆಗಾರ, ಇಳಕಲ್ಲಿನ ಹಿರಿಯ ಮಿಸ್ತ್ರಿ, ನನಗಾಗಿ ಕಾಯುತ್ತಿದ್ದರು. ಸಾಮಾನಿನ ಚೀಲ ಹಿಡಿದು ಮೂಲೆಯಲ್ಲಿ ನಿಂತುಕೊಂಡೆ. ರೋಗಿಯನ್ನು ಒಯ್ಯಬೇಕಾದದ್ದು ಮೂರನೇ ಮಹಡಿಯ ತೀವ್ರ ನಿಗಾ ಘಟಕಕ್ಕೆ. ನೌಕರ ಗುಂಡಿ ಒತ್ತಿದ. ಎರಡನೇ ಮಹಡಿ ದಾಟುತ್ತಿದ್ದಂತೆ ದೀಪ ಹೋಯಿತು. ಪೆಟ್ಟಿಗೆ ಒಮ್ಮೆ ಜಗ್ಗಿ ನಿಂತಿತು. ಅದರ ಬೆನ್ನಿಗೇ ಪಾದದ ಕೆಳಗಿನಿಂದ ಇನ್ನೊಂದು ಏಟು ಬಂತು, ಕಬ್ಬಿಣವು ಕಬ್ಬಿಣವನ್ನು ಕಚ್ಚಿದ ಸದ್ದಿನೊಂದಿಗೆ.

ಕರೆಂಟು ಹೋದಾಗ ಲಿಫ್ಟು ನಿಲ್ಲುವುದು ಹೊಸದಲ್ಲ. ಆದರೆ ಎರಡನೆಯ ಆ ಏಟು ಏನೆಂಬುದು ನನ್ನ ಕಾಲಿಗೇ ಗೊತ್ತಾಯಿತು.

ಸಣ್ಣ ತುರ್ತು ದೀಪ ಹತ್ತಿಕೊಂಡಿತು. ನರ್ಸಿನ ಕೈ ನಿಂತಿರಲಿಲ್ಲ. ನೌಕರ ಬಾಗಿಲು ಬಡಿಯತೊಡಗಿದ. ಕಂಬಳಿಯವನು ಗೋಡೆಗೆ ಬೆನ್ನು ಹಚ್ಚಿ ಕೂತುಬಿಟ್ಟಿದ್ದ.

“ಬ್ಯಾಟರಿ ಮ್ಯಾಲೆ ಈಗ ತಾನ ಹೊಳ್ಳಿ ಚಾಲೂ ಆಗತೈತಿ, ಹೌದಿಲ್ಲೋ?” ನರ್ಸ್ ಕೇಳಿದಳು. ಆ ದವಾಖಾನೆಯಲ್ಲಿ ದಿನಕ್ಕೊಮ್ಮೆಯಾದರೂ ಕರೆಂಟು ಹೋಗುತ್ತಿದ್ದುದರಿಂದ ಅವಳಿಗೆ ಅದು ಗೊತ್ತಿತ್ತು. ಕರೆಂಟು ಹೋದರೆ ಬ್ಯಾಟರಿಯೇ ಲಿಫ್ಟನ್ನು ಹತ್ತಿರದ ಮಹಡಿಗೆ ಒಯ್ದು ಬಾಗಿಲು ತೆರೆಯುತ್ತದೆ.

ನಾನು ಗೋಡೆಯ ಫೋನೆತ್ತಿ ಯಂತ್ರದ ಕೋಣೆಗೆ ಹಚ್ಚಿದೆ. ಮಿಸ್ತ್ರಿ ಆಗಲೇ ನಿಯಂತ್ರಣ ಫಲಕದ ಮುಂದೆ ನಿಂತಿದ್ದರು.

“ಬೇಟಾ, ಬ್ಯಾಟರಿ ಐತಿ. ಖರೆ ಸೇಫ್ಟಿ ಸ್ವಿಚ್ ಕಟ್ ಆಗೇತಿ. ಮಶೀನು ಒಲ್ಲೆ ಅಂತೈತಿ. ನಿಮ್ಮ ಕೆಳಗ ಬೆಣಿ ಕಚ್ಚೇತೇನು?”

“ಕಚ್ಚೇತ್ರಿ. ನನ್ನ ಕಾಲಾಗ ಬಂತು.”

ಇಬ್ಬರಿಗೂ ಅದರ ಅರ್ಥ ತಿಳಿದಿತ್ತು.

ಲಿಫ್ಟಿನ ಪೆಟ್ಟಿಗೆ ಎರಡು ಕಬ್ಬಿಣದ ಹಳಿಗಳ ನಡುವೆ ಮೇಲೆ ಕೆಳಗೆ ಸಾಗುತ್ತದೆ. ಪೆಟ್ಟಿಗೆಯ ಅಡಿಯಲ್ಲಿ, ಒಂದೊಂದು ಹಳಿಯ ಪಕ್ಕಕ್ಕೆ, ಉಕ್ಕಿನ ಬೆಣೆಗಳಿರುತ್ತವೆ. ಅವಕ್ಕೆ ಒಂದು ಸನ್ನೆಕೋಲು, ಆ ಸನ್ನೆಗೆ ಒಂದು ತೆಳುವಾದ ಹಗ್ಗ. ಪೆಟ್ಟಿಗೆ ಬೀಳತೊಡಗಿದರೆ ಮೇಲೆ ಆ ಹಗ್ಗ ಹಾದುಹೋಗುವ ಚಕ್ರ ಅದನ್ನು ತಡೆಯುತ್ತದೆ. ಹಗ್ಗ ಸನ್ನೆಯನ್ನು ಎಳೆಯುತ್ತದೆ, ಬೆಣೆಗಳು ಮೇಲೇರಿ ಹಳಿಯನ್ನು ಕಚ್ಚುತ್ತವೆ. ಪೆಟ್ಟಿಗೆಯ ಭಾರ ಕೆಳಗೆ ಜಗ್ಗಿದಷ್ಟೂ ಹಿಡಿತ ಬಿಗಿಯಾಗುತ್ತದೆ. ಬಿಡಿಸುವುದಕ್ಕೆ ಒಂದೇ ದಾರಿ, ಪೆಟ್ಟಿಗೆಯನ್ನು ಮೇಲಕ್ಕೆ ಎತ್ತಬೇಕು. ನಾವು ಬೀಳುತ್ತಿರಲಿಲ್ಲ. ಆದರೂ ಬೆಣೆಗಳು ಬಿದ್ದೆವೆಂದು ತಿಳಿದು ಕಚ್ಚಿಕೊಂಡಿದ್ದವು.

“ಎಷ್ಟೊತ್ತಾಗತೈತಿ?” ನರ್ಸ್ ಕೇಳಿದಳು.

“ಇನ್ನಾ ಗೊತ್ತಿಲ್ಲ. ಇವರಿಗೆ ಏನಾಗೇತಿ?”

“ಹಾಂವು ಕಡದೈತಿ. ನಾಗರ. ಔಷಧ ಕೊಟ್ಟೇವಿ, ಅದು ತನ್ನ ಕೆಲಸಾ ಮಾಡಾಕ ಹೊತ್ತ ಬೇಕು. ಅಲ್ಲೀತನಕಾ ಎದಿ ಏಳಂಗಿಲ್ಲ. ಮ್ಯಾಲೆ ಮಶೀನ್ ಐತಿ. ಇಲ್ಲಿ ನನ್ನ ಕೈ ಐತಿ.” ಆಮೇಲೆ ದನಿ ತಗ್ಗಿಸಿ ಹೇಳಿದಳು, “ಇವರಿಗೆ ಎಚ್ಚರ ಐತಿ. ಎಲ್ಲಾ ಕೇಳತೈತಿ. ರೆಪ್ಪಿ ಎತ್ತಾಕ ಅಷ್ಟ ಬರಾಂಗಿಲ್ಲ. ನೋಡಿ ಮಾತಾಡ್ರಿ.”

ನೌಕರ ಬಾಗಿಲು ಬಡಿಯುವುದನ್ನು ನಿಲ್ಲಿಸಿದ.

ಸ್ಟ್ರೆಚರಿನ ಮೇಲಿದ್ದವನು ಕಂಬಳಿಯವನ ತಮ್ಮ. ಬೇವೂರಿನ ಹತ್ತಿರದ ಹೊಲವೊಂದರಲ್ಲಿ ಕುರಿ ಮಂದೆಯನ್ನು ರಾತ್ರಿಗೆ ತರುಬಿ, ಅಣ್ಣತಮ್ಮಂದಿರು ನೆಲದ ಮೇಲೆಯೇ ಮಲಗಿದ್ದರು. ಬೆಳಕು ಹರಿಯುವ ಮುಂಚೆ ತಮ್ಮನ ಮುಂಗೈಗೆ ಹಾವು ಕಚ್ಚಿತ್ತು. ಅಣ್ಣ ಹಿಂದೆ ಇನ್ನೊಬ್ಬನನ್ನು ಹತ್ತಿಸಿ, ಅವನನ್ನು ಮೋಟರ್ ಸೈಕಲ್ಲಿನಲ್ಲಿ ನಡುವೆ ಕೂರಿಸಿಕೊಂಡು ತಂದಿದ್ದ. ಬರುವಾಗ ತಮ್ಮ ಮಾತಾಡುತ್ತಿದ್ದನಂತೆ. ಬಂದ ಮೇಲೆ ನಾಲಿಗೆ ದಪ್ಪವಾಯಿತು, ರೆಪ್ಪೆಗಳು ಇಳಿದವು, ಮಧ್ಯಾಹ್ನದ ಹೊತ್ತಿಗೆ ಉಸಿರು ನಿಂತಿತು.

ಮಿಸ್ತ್ರಿ ಮೂರನೇ ಮಹಡಿಗೆ ಇಳಿದು ಬಂದು, ತಮ್ಮ ಕೀಲಿಯಿಂದ ಅಲ್ಲಿನ ಬಾಗಿಲು ತೆರೆದರು. ನಾನು ಒಳಗಿನ ಬಾಗಿಲನ್ನು ಕೈಯಿಂದ ಸರಿಸಿದೆ. ಎದುರಿಗೆ ಇಟ್ಟಿಗೆಯ ಗೋಡೆ. ತೀರಾ ಮೇಲೆ, ಮೂರನೇ ಮಹಡಿಯ ನೆಲಕ್ಕೂ ನಮ್ಮ ಬಾಗಿಲ ಚೌಕಟ್ಟಿಗೂ ನಡುವೆ, ಒಂದು ಮೊಳದಷ್ಟು ಸಂದು. ಅದರಲ್ಲಿ ಮಿಸ್ತ್ರಿಯ ಮುಖ ಕಂಡಿತು, ಅವರ ಪಕ್ಕ ಮೊಣಕಾಲೂರಿ ಬಗ್ಗಿದ ಡಾಕ್ಟರರ ಮುಖ. ಡಾಕ್ಟರು ಮೈಸೂರಿನ ಕಡೆಯವರು.

“ರೋಗಿಯನ್ನು ಇಲ್ಲಿಂದಲೇ ಎಳೆದುಕೊಳ್ಳೋಣ,” ಎಂದರು.

“ಆಗಂಗಿಲ್ಲ ಸರ್,” ನರ್ಸೇ ಉತ್ತರ ಕೊಟ್ಟಳು. “ಇಷ್ಟು ಎತ್ತರಕ್ಕ ಎತ್ತಿ ಬಗ್ಗಸಬೇಕು. ನಳಿಕಿ ಜಾರಿದ್ರ ಹೊಳ್ಳಿ ಹಾಕಾಕ ಇಲ್ಲಿ ಬೆಳಕ ಇಲ್ಲ, ಜಾಗಾ ಇಲ್ಲ.”

ಡಾಕ್ಟರು ಟಾರ್ಚಿನ ಬೆಳಕು ಬಿಟ್ಟು ನೋಡಿದರು. ಮೇಲಿನಿಂದ ಆಮ್ಲಜನಕದ ನಳಿಕೆಯೊಂದನ್ನು ಇಳಿಸಿಕೊಟ್ಟು, “ಕೈ ನಿಲ್ಲಿಸಬೇಡಿ, ಬದಲಾಯಿಸಿಕೊಳ್ಳಿ,” ಎಂದರು.

ಹಾಗಾಗಿ ನರ್ಸ್ ನಮಗೆ ಕಲಿಸಿದಳು. ಹೆಬ್ಬೆರಳು ಮೇಲೆ, ಉಳಿದವು ಕೆಳಗೆ. ಒತ್ತಿ, ಪೂರ್ತಿ ಬಿಡಬೇಕು. ಚೀಲ ತಾನೇ ಉಬ್ಬಿಕೊಳ್ಳುತ್ತದೆ. ಎದೆ ಏರುವುದನ್ನು ನೋಡಬೇಕು. ಮೊದಲು ನಾನು ಹಿಡಿದೆ. ಇಪ್ಪತ್ತು ಸಲ ಒತ್ತುವಷ್ಟರಲ್ಲಿ ಇದು ನನ್ನಿಂದಾಗದ ಕೆಲಸ ಅನ್ನಿಸಿತು. ಕೈ ನೋಯುತ್ತಿರಲಿಲ್ಲ. ಇನ್ನೊಬ್ಬನ ಉಸಿರು ನನ್ನ ಮುಷ್ಟಿಯಲ್ಲಿದೆ ಎಂಬುದನ್ನು ತಡೆದುಕೊಳ್ಳುವುದು ಕಷ್ಟವಾಗಿತ್ತು. ನೌಕರ ಚೀಲದ ಬದಲು ಬಾಗಿಲನ್ನೇ ನೋಡುತ್ತಿದ್ದ, ಅವನಿಗೆ ಕೊಡಲಿಲ್ಲ. ಆಮೇಲೆ ಅಣ್ಣ ಎದ್ದು ಬಂದು, ಕಂಬಳಿ ಕೆಳಗಿಟ್ಟು, ಕೈ ಚಾಚಿದ. ಅವನ ದೊಡ್ಡ ಅಂಗೈಯಲ್ಲಿ ಚೀಲ ಪೂರ್ತಿ ಮುಚ್ಚಿಹೋಯಿತು.

ಮಿಸ್ತ್ರಿ ಮೇಲೆ ಹೋಗಿ, ಜನರೇಟರ್ ನೋಡಿಕೊಳ್ಳುವವನನ್ನು ಜೊತೆಗಿಟ್ಟುಕೊಂಡು ಮೊದಲ ಪ್ರಯತ್ನ ಮಾಡಿದರು. ಮುಖ್ಯ ಸ್ವಿಚ್ ಬಂದ್ ಮಾಡಿದರು. ಒಬ್ಬ ಬ್ರೇಕಿನ ಸನ್ನೆ ಒತ್ತಿ ಹಿಡಿಯಬೇಕು, ಇನ್ನೊಬ್ಬ ಕೈಚಕ್ರವನ್ನು ಮೇಲ್ಮುಖಕ್ಕೆ ತಿರುಗಿಸಬೇಕು. ನಮ್ಮ ತಲೆಯ ಮೇಲೆ ಹಗ್ಗಗಳು ಬಿಗಿದ ಸದ್ದು ಕೇಳಿತು. ಪೆಟ್ಟಿಗೆ ನರಳಿತು. ಆದರೆ ಕದಲಲಿಲ್ಲ. ಮತ್ತೊಮ್ಮೆ ಮಾಡಿದರು. ಮಿಸ್ತ್ರಿಯ ಏದುಸಿರು ಫೋನಿನಲ್ಲೇ ಕೇಳುತ್ತಿತ್ತು.

“ಭಾಳ ಒಳಗ ಕಚ್ಚೇತಿ ಬೇಟಾ. ನನ್ನ ಹೆಗಲ ಮಾತ ಕೇಳವಲ್ದು. ಚೈನ್ ಬ್ಲಾಕ್ ಬೇಕು.”

ಭಾರ ಎತ್ತುವ ಆ ಸರಪಳಿ ಯಂತ್ರ ಇಳಕಲ್ಲಿನ ಇನ್ನೊಂದು ಕಟ್ಟಡದಲ್ಲಿತ್ತು. ಹುನಗುಂದ ದಾಟಿ ಇಲ್ಲಿಗೆ ಬರಬೇಕು. ತರಲು ಹೇಳಿದರು. ಅದು ಬರುವವರೆಗೆ ಈ ಕೈಗಳು ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ಕರೆಂಟು ಬಂದರೂ, ಜನರೇಟರ್ ಓಡಿದರೂ ಪ್ರಯೋಜನವಿರಲಿಲ್ಲ. ಅದು ಹಳೆಯ ಮಾದರಿಯ ಲಿಫ್ಟು, ಸೇಫ್ಟಿ ಸ್ವಿಚ್ ತಪ್ಪಿಸಿ ಮೋಟರು ಓಡಿಸುವ ಏರ್ಪಾಟು ಅದಕ್ಕಿರಲಿಲ್ಲ.

ಒಳಗೆ ಸೆಕೆ ಏರುತ್ತಿತ್ತು. ಏಪ್ರಿಲ್ ತಿಂಗಳ ಮಧ್ಯಾಹ್ನ, ಕಬ್ಬಿಣದ ಪೆಟ್ಟಿಗೆ, ಐದು ಜನರ ಮೈಬಿಸಿ. ಗೋಡೆ ಮುಟ್ಟಿದರೆ ಕೈಗೆ ಬೆವರು ಅಂಟುತ್ತಿತ್ತು. ನರ್ಸ್ ಕಾಲು ಮಡಚಿ ಕೂತು ಮಣಿಕಟ್ಟು ತಿಕ್ಕಿಕೊಂಡಳು. ಮತ್ತೆ ಎದ್ದು ಅಣ್ಣನ ಕೈಯಿಂದ ಚೀಲ ತೆಗೆದುಕೊಂಡಳು. ಸಂದಿನಿಂದ ಬರುತ್ತಿದ್ದ ಸೀಳು ಬೆಳಕನ್ನೇ ನೋಡುತ್ತಾ ನಾನು ಲೆಕ್ಕ ಹಾಕುತ್ತಿದ್ದೆ.

ಲಿಫ್ಟಿನ ಹಗ್ಗದ ಇನ್ನೊಂದು ತುದಿಗೆ ಸಮತೂಕದ ಕಲ್ಲುಗಳ ಚೌಕಟ್ಟು ತೂಗುತ್ತಿರುತ್ತದೆ. ಅದು ಖಾಲಿ ಪೆಟ್ಟಿಗೆಗಿಂತ ಸಾಕಷ್ಟು ಭಾರ. ಪೆಟ್ಟಿಗೆ ಹಗುರಾದಷ್ಟೂ ಆ ಭಾರ ನಮ್ಮನ್ನು ಮೇಲಕ್ಕೆ ಎಳೆಯುತ್ತದೆ, ಕೈಚಕ್ರ ತಿರುಗಿಸುವವನ ಕೆಲಸ ಅಷ್ಟರ ಮಟ್ಟಿಗೆ ಕಡಿಮೆಯಾಗುತ್ತದೆ. ಅಂದರೆ ಒಳಗಿನವರು ಹೊರಗೆ ಹೋಗಬೇಕು. ಹೋಗಲು ಇರುವುದು ಒಂದು ಮೊಳದ ಸಂದು. ನಿಂತ ಲಿಫ್ಟಿನ ಸಂದಿನಿಂದ ಯಾರನ್ನೂ ಹೊರಗೆ ತೆವಳಿಸಬಾರದು ಎಂಬುದು ನಮಗೆ ಮೊದಲ ದಿನವೇ ಕಲಿಸುವ ಪಾಠ. ಅರ್ಧ ಮೈ ಹೊರಗಿದ್ದಾಗ ಪೆಟ್ಟಿಗೆ ಇಳಿದರೆ ಆ ಸಂದು ಕತ್ತರಿಯಾಗುತ್ತದೆ. ಅಂಥ ಒಂದು ಅಪಘಾತದ ಸುದ್ದಿ ಕೇಳಿದವರು ಅದನ್ನು ಮರೆಯುವುದಿಲ್ಲ.

ಆದರೆ ಆ ನಿಯಮ ಬ್ರೇಕಿನ ಮೇಲೆ ಮಾತ್ರ ನಿಂತ ಲಿಫ್ಟಿಗೆ. ನಾವು ಬೆಣೆಯ ಮೇಲೆ ನಿಂತಿದ್ದೆವು. ಬೆಣೆ ಸರಿಯಾಗಿ ಹಿಡಿದಿದ್ದರೆ ಪೆಟ್ಟಿಗೆ ಇಳಿಯುವುದು ಸಾಧ್ಯವೇ ಇಲ್ಲ. ಏನಾದರೂ ಆದರೆ ಮೇಲೆ ಹೋಗಬಹುದು, ಮೇಲೆ ಹೋದರೆ ಸಂದು ದೊಡ್ಡದಾಗುತ್ತದೆ. ಸರಿಯಾಗಿ ಹಿಡಿದಿದ್ದರೆ ಎಂಬ ಆ ಒಂದು ಮಾತಿನಲ್ಲೇ ನಾನು ಸಿಕ್ಕಿಕೊಂಡಿದ್ದೆ.

ಚೀಲದಿಂದ ಮಟ್ಟಗೋಲು ತೆಗೆದು ನೆಲದ ಮೇಲೆ ಅಡ್ಡ ಇಟ್ಟೆ. ಒಂದೇ ಬದಿ ಕಚ್ಚಿದ್ದರೆ ಪೆಟ್ಟಿಗೆ ವಾಲಿರುತ್ತದೆ. ಗಾಜಿನೊಳಗಿನ ಗುಳ್ಳೆ ನಡುವಿಗೆ ಬಂದು ನಿಂತಿತು. ಮಿಸ್ತ್ರಿಗೆ ಫೋನು ಹಚ್ಚಿದೆ.

“ದೊಡ್ಡ ಹಗ್ಗ ಕೈಲೆ ಒತ್ತಿ ನೋಡ್ರಿ. ನಮ್ಮ ಕಡೀವು.”

ಅವರು ಫೋನು ಪಕ್ಕಕ್ಕಿಟ್ಟು ಹೋಗಿ ಬಂದರು.

“ಸಡ್ಲ ಅದಾವು,” ಅಂದರು. “ಎಲ್ಲಾವೂ ಸಡ್ಲ. ನಿಮ್ಮ ಭಾರ ಹಗ್ಗದ ಮ್ಯಾಲೆ ಇಲ್ಲ ಬೇಟಾ. ಹಳಿ ಮ್ಯಾಲೆ ಐತಿ.” “ಹಗ್ಗ ಸಡ್ಲ ಆಗ್ಯಾವು,” ಎಂದು ನಾನು ಗಟ್ಟಿಯಾಗಿಯೇ ಅಂದೆ. ಮಿಸ್ತ್ರಿ ಕೇಳಿದರು, “ಏನ ಮಾಡಾಕ ಹೊಂಟಿ?”

ಹೇಳಿದೆ.

“ನೀ ಹೇಳಿದ್ರ ನಾ ಬ್ಯಾಡ ಅನ್ನಂಗಿಲ್ಲ. ಖರೆ ಸಂದಿನ್ಯಾಗ ಮನಶ್ಯಾ ಇರೂತನಕ ನಾ ಬ್ರೇಕ್ ಮುಟ್ಟಂಗಿಲ್ಲ.”

ನೌಕರ ತಕ್ಷಣ ತಯಾರಾದ. ಅಣ್ಣ ಮಾತ್ರ ತಲೆ ಅಲ್ಲಾಡಿಸಿದ.

“ನಾ ಬಿಟ್ಟು ಹೋಗಾಂಗಿಲ್ರಿ. ಬೀಳೂದಿದ್ರ ಇಬ್ಬರೂ ಬೀಳ್ತೇವಿ.”

“ಬೀಳಂಗಿಲ್ಲ.”

“ಹಗ್ಗ ಸಡ್ಲ ಆಗ್ಯಾವ ಅಂತ ಈಗ ನೀವ ಹೇಳಿದ್ರಿ.”

ತಪ್ಪು ನನ್ನದೇ. ಆ ಮಾತು ಅವನ ಕಿವಿಗೆ ಹೇಗೆ ಕೇಳಬಹುದೆಂದು ನಾನು ಯೋಚಿಸಿರಲಿಲ್ಲ. ಸ್ಟ್ರೆಚರಿನ ಮೇಲಿದ್ದವನ ಕಿವಿಗೂ. ಆಗ ನಾನು ಆ ಇಬ್ಬರಿಗೂ ಕೇಳುವಂತೆ ಹೇಳಿದೆ.

“ಕೇಳ್ರಿ. ನೂರೈವತ್ತು ವರ್ಷಕ್ಕಿಂತ ಹಿಂದ ಮಂದಿ ಲಿಫ್ಟ್ ಹತ್ತತಿರಲಿಲ್ಲ. ಸಾಮಾನಷ್ಟ ಹೋಗ್ತಿತ್ತು, ಹಗ್ಗ ಹರದ್ರ ಎಲ್ಲಾ ಕೆಳಗ. ಅಮೇರಿಕಾದಾಗ ಒಬ್ಬ ಮೆಕ್ಯಾನಿಕ್, ಬಂಡಿಗೆ ಹಾಕೂ ಕಮಾನು ಪಟ್ಟಿ ಇರತೈತಲ್ಲ, ಅದನ್ನ ತಂದು ಲಿಫ್ಟಿನ ಹಲಿಗಿ ಮ್ಯಾಲೆ ಕೂಡಿಸಿದ. ಹಗ್ಗ ಬಿಗಿ ಇದ್ರ ಪಟ್ಟಿ ಬಗ್ಗಿರತೈತಿ. ಹಗ್ಗ ಸಡ್ಲ ಆದ್ರ ಪಟ್ಟಿ ಅಗಲಾಗಿ ಎರಡೂ ಕಡೆ ಹಳಿಯ ಹಲ್ಲಿನ್ಯಾಗ ಸಿಗತೈತಿ. ಯಾರೂ ನಂಬಲಿಲ್ಲ. ಅಂವಾ ಒಂದು ದೊಡ್ಡ ಪ್ರದರ್ಶನದಾಗ, ಮಂದಿ ಮುಂದ, ತಾನ ಹಲಿಗಿ ಮ್ಯಾಲೆ ನಿಂತ. ಎತ್ತರಕ್ಕ ಹೋದ. ಹಗ್ಗಾ ಕಡೀರಿ ಅಂದ. ಕಡದ್ರು.”

“ಆಮ್ಯಾಲೆ?” ಅಣ್ಣ ಕೇಳಿದ.

“ಹಲಿಗಿ ಚೂರು ಇಳದು ನಿಂತ್ತು. ಅಂವಾ ನಿಂತಾಂವ ನಿಂತ ಇದ್ದ. ಅವತ್ತಿನಿಂದ ಮಂದಿ ಲಿಫ್ಟ್ ಹತ್ತಾಕ ಹತ್ಯಾರ. ಈಗ ನಮ್ಮ ಕೆಳಗ ಕಚ್ಚೇತಲ್ಲ, ಅದು ಅದರ ಮೊಮ್ಮಗ. ಹಗ್ಗ ಸಡ್ಲ ಆಗೇತಂದ್ರ ಬೆಣಿ ಹಿಡದೈತಿ ಅಂತ ಅರ್ಥ.”

ಅವನು ತಮ್ಮನ ಮುಖ ನೋಡಿದ. ನಾನು ಇನ್ನೊಂದು ಮಾತು ಸೇರಿಸಿದೆ.

“ಮ್ಯಾಲೆ ನಮ್ಮ ಮಿಸ್ತ್ರಿ ಹೆಗಲಿಗೆ ಚಕ್ರ ತಿರಗವಲ್ದು. ನೀವು ಹೊರಗ ಹೋದ್ರ ಇಲ್ಲಿ ಭಾರ ಕಡಿಮಿ, ಅಲ್ಲಿ ಎರಡು ಕೈ ಹೆಚ್ಚು. ಇಲ್ಲಿದ್ದು ತಮ್ಮನ ಹಿಡಕೊಂಡಿರಬಹುದು. ಅಲ್ಲಿಂದ ಎತ್ತಬಹುದು.”

ನನ್ನ ಮಾತಿಗೆ ಪುರಾವೆ ಬೇಕಿತ್ತು. ಸ್ಟ್ರೆಚರಿನ ಕಂಬಿಯ ಮೇಲೆ ಕಾಲಿಟ್ಟು ಹತ್ತಿ, ನಾನೇ ಮೊದಲು ಸಂದಿನಲ್ಲಿ ಎದೆಯವರೆಗೆ ತೂರಿ ಮಲಗಿದೆ. ಕೆಳಗೆ ಮಹಡಿಯ ಅಂಚು ಪಕ್ಕೆಗೆ ಒತ್ತುತ್ತಿತ್ತು, ಮೇಲೆ ಚೌಕಟ್ಟು ಬೆನ್ನಿಗೆ ತಾಗುತ್ತಿತ್ತು. ಬೆಣೆಯ ಮೇಲೆ ನನಗಿದ್ದ ನಂಬಿಕೆ ಆ ಕ್ಷಣ ಎಲ್ಲಿ ಹೋಯಿತೋ ಗೊತ್ತಿಲ್ಲ. ಹೊರಗಿನ ಮೊಸಾಯಿಕ್ ನೆಲ ತಣ್ಣಗಿತ್ತು, ಡಾಕ್ಟರರ ಚಪ್ಪಲಿಗಳು ಮೂಗಿನ ಮುಂದಿದ್ದವು. ಅಲ್ಲಿಯೇ ಹೊರಗೆ ಜಾರಿಬಿಡಬೇಕೆಂದು ಮೈಯೆಲ್ಲ ಬೇಡುತ್ತಿತ್ತು. ಮತ್ತೆ ಒಳಗೆ ಇಳಿದೆ.

ನೌಕರ ಹೋದ. ನನ್ನ ಸಾಮಾನಿನ ಚೀಲ ಹೋಯಿತು, ಮೇಲಿನಿಂದ ನಳಿಕೆ ಬಂದಿದ್ದರಿಂದ ಸ್ಟ್ರೆಚರಿನ ಮೇಲಿದ್ದ ಆಮ್ಲಜನಕದ ಸಣ್ಣ ಸಿಲಿಂಡರೂ ಹೋಯಿತು. ಕೊನೆಗೆ ಅಣ್ಣ ತಮ್ಮನ ಕಿವಿಯ ಹತ್ತಿರ ಬಗ್ಗಿದ.

“ಮ್ಯಾಲಿಂದ ಎಳೀತೇನಿ ತಮ್ಮಾ. ಬೀರಪ್ಪ ದೇವ್ರು ಅದಾನ. ಅಂಜಬ್ಯಾಡ.”

ಅವನ ಮೈ ಸಂದಿಗೆ ದೊಡ್ಡದು. ಹೊಟ್ಟೆಯ ಹತ್ತಿರ ಸಿಕ್ಕಿಕೊಂಡ. ಡಾಕ್ಟರು ಎರಡೂ ಕೈ ಹಿಡಿದು ಎಳೆದರು, ನಾನು ಕೆಳಗಿನಿಂದ ಪಾದ ದೂಡಿದೆ. ಅಂಗಿ ಹರಿದ ಸದ್ದು ಬಂತು. ಕಾಲುಗಳು ಮೇಲೆ ಹೋಗಿ ಕಣ್ಮರೆಯಾದವು.

ಈಗ ಒಳಗೆ ರೋಗಿ, ನರ್ಸ್, ನಾನು. ಅವಳ ಬೆರಳುಗಳು ಮರಗಟ್ಟಿದ್ದವು. ಚೀಲ ನನ್ನ ಕೈಗೆ ಬಂತು. ಬೆಣೆ ಬಿಡದಿದ್ದರೆ ಉಳಿದದ್ದು ಇನ್ನು ಎರಡೇ ಜೊತೆ ಕೈಗಳು.

“ನಿಮ್ಮ ಉಸರಿನ ಜೋಡಿ ಒತ್ತಬ್ಯಾಡ್ರಿ,” ಅವಳೆಂದಳು. “ನಿಮ್ಮದು ಓಡಾಕ ಹತ್ತೈತಿ.”

ಫೋನನ್ನು ಅವಳು ಹಿಡಿದಳು. ಮೇಲಿನಿಂದ ಮಿಸ್ತ್ರಿಯ ದನಿ ಬಂತು. ಬ್ರೇಕು ಅವರ ಕೈಯಲ್ಲಿ, ಚಕ್ರ ಅಣ್ಣನ ಕೈಯಲ್ಲಿ. ಹಗ್ಗಗಳು ಬಿಗಿದವು. ಪೆಟ್ಟಿಗೆ ನರಳಿತು, ಮೊದಲಿನಂತೆಯೇ. ಏನೂ ಆಗಲಿಲ್ಲ. ನನ್ನ ಲೆಕ್ಕ ತಪ್ಪಿತು ಅಂದುಕೊಂಡೆ, ಇದ್ದ ದೊಡ್ಡ ಕೈಗಳನ್ನೂ ಹೊರಗೆ ಕಳಿಸಿಬಿಟ್ಟೆ ಎಂದುಕೊಂಡೆ. ಒತ್ತಿದೆ, ಬಿಟ್ಟೆ. ಎದೆ ಏರಿತು, ಇಳಿಯಿತು. ಇನ್ನೊಮ್ಮೆ ಒತ್ತಿದೆ.

ಕಾಲಡಿಯಲ್ಲಿ ಗುಂಡು ಹೊಡೆದಂಥ ಸದ್ದಾಯಿತು. ಪೆಟ್ಟಿಗೆ ಗೇಣಷ್ಟು ಮೇಲೆ ನೆಗೆಯಿತು. ನರ್ಸ್ ಗೋಡೆಗೆ ಬಡಿದುಕೊಂಡು ನಳಿಕೆಯನ್ನು ಎರಡೂ ಕೈಯಲ್ಲಿ ಹಿಡಿದಳು. ಆಮೇಲೆ ಎದುರಿನ ಇಟ್ಟಿಗೆಗಳು ಒಂದೊಂದೇ ಸಾಲು ಕೆಳಗೆ ಸರಿಯತೊಡಗಿದವು. ಅಷ್ಟು ನಿಧಾನವಾಗಿ ಚಲಿಸುವ ಲಿಫ್ಟನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ಮಹಡಿಯ ಅಂಚು ಸೊಂಟದ ಮಟ್ಟಕ್ಕೆ ಬಂತು, ಮೊಣಕಾಲಿಗೆ ಬಂತು, ನೆಲಕ್ಕೆ ನೆಲ ಕೂಡಿತು. “ಸಾಕು,” ಎಂದು ನರ್ಸ್ ಫೋನಿನಲ್ಲಿ ಹೇಳಿದಳು. ಹೊರಗಿನವರು ಸ್ಟ್ರೆಚರನ್ನು ಎಳೆದುಕೊಂಡರು. ಯಾರದೋ ಕೈ ನನ್ನ ಕೈಯಿಂದ ಚೀಲವನ್ನು ಬಿಡಿಸಿಕೊಂಡಿತು. ನಾನು ಲಿಫ್ಟಿನಲ್ಲಿಯೇ ನಿಂತಿದ್ದೆ. ಬಾಗಿಲು ತೆರೆದಿತ್ತು, ಆದರೂ ಹೊರಗೆ ಕಾಲಿಡಲು ಸ್ವಲ್ಪ ಹೊತ್ತು ಬೇಕಾಯಿತು.

ಕಾರಣ ಸಂಜೆಯೊಳಗೆ ಸಿಕ್ಕಿತು. ಮೇಲೆ ಹೋಗುತ್ತಿದ್ದ ಪೆಟ್ಟಿಗೆ ದಿಢೀರನೆ ನಿಂತಾಗ ಆ ತೆಳುವಾದ ಹಗ್ಗ ಮಾತ್ರ ತನ್ನ ವೇಗದಲ್ಲಿ ಮುಂದೆ ಸಾಗಿ ಸನ್ನೆಯನ್ನು ಎಳೆದಿತ್ತು. ಸನ್ನೆಯನ್ನು ತಡೆದು ಹಿಡಿಯಬೇಕಾದ ಸ್ಪ್ರಿಂಗು ಒಳಗೊಳಗೇ ಸೋತಿತ್ತು. ಕಣ್ಣಿಗೆ ಕಾಣುವ ದೋಷವಲ್ಲ ಅದು. ಸ್ಪ್ರಿಂಗು ಬದಲಿಸಿದೆವು, ಬೆಣೆ ಕಚ್ಚಿದ ಜಾಗದಲ್ಲಿ ಹಳಿಯ ಗಾಯಗಳನ್ನು ಅರದಿಂದ ಉಜ್ಜಿದೆವು, ಭಾರ ತುಂಬಿ ಪರೀಕ್ಷೆ ಮಾಡಿದೆವು. ಉಜ್ಜುವಾಗ ಮಿಸ್ತ್ರಿ, “ಹಿಡಕೊಳ್ಳೂದು ಎಲ್ಲಾರೂ ಕಲಸ್ತಾರ ಬೇಟಾ, ಬಿಡಸೂದು ಯಾರೂ ಕಲಸಂಗಿಲ್ಲ,” ಎಂದು ಗೊಣಗಿದರು. ಹಾವಿನ ವಿಷಕ್ಕೆ ಮದ್ದು ಹುಡುಕಿದವರು, ತಾನೇ ಉಬ್ಬುವ ಚೀಲ ಕಟ್ಟಿದವರು, ಹಗ್ಗ ಕಡಿಸಿಕೊಂಡು ನಿಂತವನು, ಇವರಾರೂ ಒಬ್ಬರನ್ನೊಬ್ಬರು ಕಂಡವರಲ್ಲ. ಆ ಮಧ್ಯಾಹ್ನ ಅವರೆಲ್ಲರ ಕೆಲಸ ಒಂದೇ ಪೆಟ್ಟಿಗೆಯಲ್ಲಿ ಸಿಕ್ಕಿಕೊಂಡಿತ್ತು ಎಂದು ನನಗೆ ಹೊಳೆದದ್ದು ಆಗ.

ಪರೀಕ್ಷೆ ಮುಗಿದ ದಿನ ನರ್ಸ್ ನನ್ನನ್ನು ವಾರ್ಡಿಗೆ ಕರೆದೊಯ್ದಳು. ಹಾವು ಕಚ್ಚಿದ್ದ ತಮ್ಮ ಅಲ್ಲಿ ದಿಂಬಿಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದ. ಅಣ್ಣ ಕುರಿಗಳನ್ನು ನೋಡಲು ಊರಿಗೆ ಹೋಗಿದ್ದನಂತೆ. ನಾನು ನರ್ಸಿನೊಂದಿಗೆ ಏನೋ ಮಾತಾಡುತ್ತಿದ್ದೆ, ಅವನು ತಲೆ ಎತ್ತಿದ.

“ನಿಮ್ಮ ದನಿ ಗೊತ್ತೈತ್ರಿ,” ಎಂದ. ನಳಿಕೆ ತೆಗೆದ ಗಂಟಲು ಇನ್ನೂ ಒಡೆದಿತ್ತು.

“ಅವತ್ತ ಎಲ್ಲಾ ಕೇಳ್ತಿತ್ತೇನು?”

“ಎಲ್ಲಾ ಕೇಳ್ತಿತ್ತು. ರೆಪ್ಪಿ ಎತ್ತಾಕ ಆಗ್ತಿದ್ದಿಲ್ಲ, ಬೆರಳು ಅಲ್ಲಾಡಸಾಕ ಆಗ್ತಿದ್ದಿಲ್ಲ. ನೀವು ಲಿಫ್ಟಿನ್ಯಾಗ ಸಿಕ್ಕೊಂಡಿದ್ರಿ. ನಾ ಮೈಯಾಗ ಸಿಕ್ಕೊಂಡಿದ್ದೆ.”

“ಬೀಳ್ತೇವಿ ಅಂತ ಅಂಜಿಕಿ ಬಂತೇನು?”

“ಬೀಳೂದರದು ಏನೂ ಅನಸಲಿಲ್ಲ. ಕೈ ಬದಲಿ ಆಗೂಮುಂದ ಅಂಜಿಕಿ ಬರ್ತಿತ್ತು. ಒಬ್ಬರು ಬಿಟ್ಟು ಇನ್ನೊಬ್ಬರು ಹಿಡಿಯೂತನಕ ಮುಂದಿನ ಉಸರು ಬರತೈತೋ ಇಲ್ಲೋ ಅಂತ.” ಬಟ್ಟಲನ್ನು ಕೆಳಗಿಟ್ಟ. “ಯಾರ ಕೈ ಯಾವುದು ಅಂತ ಗೊತ್ತಾಗ್ತಿತ್ರಿ. ಸಿಸ್ಟರ್ ಅವರದು ಒಂದ ಸಮ. ನಮ್ಮಣ್ಣಂದು ದೊಡ್ಡದು, ಕುರಿ ಹಿಂದ ನಡದಾಂಗ.”

“ನಂದು?”

ಅವನು ನರ್ಸಿನ ಕಡೆ ನೋಡಿ ನಕ್ಕ. ನಕ್ಕರೆ ಇನ್ನೂ ಕೆಮ್ಮು ಬರುತ್ತಿತ್ತು.

“ಭಾಳ ಅವಸರದ್ದರಿ. ಇನ್ನೊಮ್ಮಿ ಯಾರಿಗರ ಉಸರು ಕೊಡೂದು ಬಂದ್ರ, ಚೂರು ಸಾವಕಾಶ ಕೊಡ್ರಿ.”